ಬಲಗಡೆಯ ಮೊಗಸಾಲೆ

ಇದನ್ನ ಯಾರ ಹತ್ರಾನೂ ಬಾಯಿಬಿಡಬೇಡ ಅಂತ ಹಿಮಜಾ ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಇವತ್ತು ಹೇಳ್ತಿದೀನಿ.

ಅವಳು ನಮ್ಮ ಕಾಲೇಜಿನ ಮೇಷ್ಟ್ರನ್ನ ಕೇಳಿದ್ದು ಒಂದೇ ಪ್ರಶ್ನೆ. “ಮೇಷ್ಟ್ರೇ, ಪೂರ್ವಿಕಾಗೆ ನನಗಿಂತ ಏನು ಜಾಸ್ತಿ ಇದೆ?”

ಕಾಲೇಜಿನ ಅಣಕು ಸಂಸತ್ತಿನಲ್ಲಿ ಪೂರ್ವಿಕಾನ ಪ್ರಧಾನಮಂತ್ರಿ ಮಾಡಿದ್ದರು. ಹಿಮಜಾ ಹಿಂದಿನ ಬೆಂಚಿನ ಒಬ್ಬ ಸದಸ್ಯೆ. ಅವಳಿಗೆ ಸಿಕ್ಕಿದ್ದು ಮೂರು ನಿಮಿಷದ ಭಾಷಣ. ಒಂದು ವಾರವಾದರೂ ಒಂದು ಸಾಲು ಬರೆದಿರಲಿಲ್ಲ. ಆದರೆ ಪೂರ್ವಿಕಾ ಯಾವ ಸೀರೆ ಉಡ್ತಾಳೆ, ಅವಳ ಭಾಷಣ ತಿದ್ದಿಕೊಟ್ಟೋರು ಯಾರು, ಪ್ರಿನ್ಸಿಪಾಲರು ಅವಳನ್ನ ನೋಡಿ ಎಷ್ಟು ಸಲ ನಕ್ಕರು, ಇದೆಲ್ಲ ಬಾಯಿಪಾಠ ಆಗಿತ್ತು.

ಮೇಷ್ಟ್ರು ಕನ್ನಡಕ ತೆಗೆದರು. “ಕೂತ್ಕೋ” ಅಂದರು. ಆಮೇಲೆ ಈ ಕತೆ ಹೇಳಿದರು.

ಇಂಗ್ಲೆಂಡಿನಲ್ಲಿ ಒಂದು ಊರು. ಊರಿನ ಮುಂದೆ ಹೊಳೆ ಸಮುದ್ರ ಸೇರೋ ಜಾಗ, ತುಂಬಾ ಅಗಲ. ಆಸ್ಪತ್ರೆ ಇದ್ದದ್ದು ಆಚೆ ದಡದಲ್ಲಿ. ದಾಟೋದಕ್ಕೆ ಇದ್ದದ್ದು ಒಂದೇ ಲಾಂಚು. ಆ ಊರಿನ ಒಬ್ಬ ಬಸ್ ಡ್ರೈವರ್ ಚುನಾವಣೆಗೆ ನಿಂತ. ಓಟು ಕೇಳೋಕೆ ಹೋದಾಗ ಮೀನು ಕರಿದು ಮಾರೋ ಅಜ್ಜಿ ಒಬ್ಬಳು ಕೇಳಿದಳು, “ಓಟು ಹಾಕ್ತೀನಿ ಕಣಪ್ಪ. ಲಾಂಚು ನಿಲ್ಲದ ಹಾಗೆ ನೋಡ್ಕೋತೀಯಾ?”

“ನಾನಿರೋವರೆಗೂ ನಿಲ್ಲಲ್ಲ ಅಜ್ಜಿ” ಅಂದ. ಗೆದ್ದ. ಪಾರ್ಲಿಮೆಂಟಿನ ಸದಸ್ಯನಾಗಿ ಲಂಡನ್ನಿಗೆ ಹೋದ.

ಮೊದಲನೇ ದಿನವೇ ಅವನಿಗೆ ಒಬ್ಬ ಗೆಳೆಯ ಸಿಕ್ಕ. ಅದೇ ಪಕ್ಷ, ಅವನೂ ಹೊಸಬ. ಇಬ್ಬರೂ ಆ ದೊಡ್ಡ ಕಟ್ಟಡದಲ್ಲಿ ದಾರಿ ತಪ್ಪಿ, ಒಂದೇ ಕಾರಿಡಾರಿನಲ್ಲಿ ಮೂರು ಸಲ ಸುತ್ತಿ, ಗೋಡೆಗೆ ಒರಗಿ ನಕ್ಕಿದ್ದರು.

ಎರಡು ವರ್ಷಕ್ಕೆ ಗೆಳೆಯ ಒಬ್ಬ ಮಂತ್ರಿಯ ಸಹಾಯಕನಾದ. ಸದಸ್ಯ ಬೆನ್ನು ತಟ್ಟಿದ. ಐದು ವರ್ಷಕ್ಕೆ ಗೆಳೆಯ ಕಿರಿಯ ಮಂತ್ರಿಯಾದ. ಸದಸ್ಯ ಕೈ ಕುಲುಕಿದ. ಎಂಟು ವರ್ಷಕ್ಕೆ ಗೆಳೆಯ ಪೂರಾ ಮಂತ್ರಿಯೇ ಆದ. ಸದಸ್ಯ ಒಂದು ಚೀಟಿ ಕಳಿಸಿದ, ‘ಸಂತೋಷ’ ಅಂತ. ಅದನ್ನ ಬರೆಯೋದಕ್ಕೆ ಅವನಿಗೆ ಅರ್ಧ ದಿನ ಬೇಕಾಯ್ತು.

ಅವತ್ತಿಂದ ಅವನ ಹೊಟ್ಟೆಯೊಳಗೆ ಒಂದು ಕೆಂಡ ಕೂತುಬಿಡ್ತು. ಆ ಗೆಳೆಯನ ಮಾತಿಗೆ ತೂಕ ಇಲ್ಲ, ನನ್ನಷ್ಟು ಓದಿಲ್ಲ, ಕಾಗುಣಿತಾನೂ ಸರಿಯಾಗಿ ಬರಲ್ಲ, ಅವನಿಗೆ ಯಾಕೆ? ಹಲ್ಲುಜ್ಜುವಾಗ ಇದೇ ಯೋಚನೆ, ರೈಲಿನಲ್ಲಿ ಇದೇ ಯೋಚನೆ. ಪೇಪರ್ ಬಂದರೆ ಮೊದಲು ಗೆಳೆಯನ ಹೆಸರು ಹುಡುಕ್ತಿದ್ದ. ಹೆಸರಿದ್ದರೆ ಉರಿ. ಇಲ್ಲದಿದ್ದರೆ, ಏನೋ ಮುಚ್ಚಿಡ್ತಿದಾರೆ ಅಂತ ಇನ್ನೂ ಉರಿ.

ಆ ಸಭೆಯಲ್ಲಿ ಎಲ್ಲ ಸದಸ್ಯರಿಗೂ ಆಗೋವಷ್ಟು ಜಾಗ ಇಲ್ಲ. ಬೆಳಗ್ಗೆ ಬೇಗ ಬಂದು ಬೆಂಚಿನಲ್ಲಿ ಹೆಸರಿನ ಚೀಟಿ ಇಡಬೇಕು, ಆಮೇಲೆ ಪ್ರಾರ್ಥನೆಗೂ ಹಾಜರಿರಬೇಕು, ಆಗ ಆ ದಿನಕ್ಕೆ ಆ ಜಾಗ ಅವರದು. ನಮ್ಮ ಸದಸ್ಯ ಎಲ್ಲರಿಗಿಂತ ಮುಂಚೆ ಬಂದು ಗೆಳೆಯ ಕೂರೋ ಜಾಗದ ಹಿಂದೆಯೇ ಚೀಟಿ ಇಡ್ತಿದ್ದ. ಮಾತಾಡೋದಕ್ಕಲ್ಲ. ಪ್ರಧಾನಿ ಅವನ ಕಡೆ ಎಷ್ಟು ಸಲ ತಿರುಗ್ತಾರೆ ಅಂತ ನೋಡೋದಕ್ಕೆ.

ಶುಕ್ರವಾರ ಊರಿಗೆ ಬಂದು ಲೈಬ್ರರಿಯಲ್ಲಿ ಕೂತು ಜನರ ಕಷ್ಟ ಕೇಳೋದು ಅಲ್ಲಿನ ಪದ್ಧತಿ. ಒಂದು ಶುಕ್ರವಾರ ಆ ಅಜ್ಜಿ ಬಂದಳು.

“ಟೀವೀಲಿ ನೋಡಿದೆ ಕಣಪ್ಪ ನಿನ್ನ.”

“ಹೌದಾ ಅಜ್ಜಿ? ಹೇಗೆ ಕಾಣ್ತಿದ್ದೆ?”

“ಕಿವಿ ಚೆನ್ನಾಗಿತ್ತು. ಮಿಕ್ಕಿದ್ದಕ್ಕೆಲ್ಲ ಆ ಮಂತ್ರಿಯ ತಲೆ ಅಡ್ಡ ಬಂತು.”

ಸರದಿಯಲ್ಲಿದ್ದೋರೆಲ್ಲ ನಕ್ಕರು. ಅವನಿಗೆ ನಗು ಬರಲಿಲ್ಲ. ಆ ತಲೆ ಅಲ್ಲಿ ಯಾಕಿರಬೇಕು ಅಂತ ಅಷ್ಟೇ ಯೋಚಿಸಿದ.

ಹನ್ನೊಂದನೇ ವರ್ಷ ಸರ್ಕಾರ ಒಂದು ಮಸೂದೆ ತಂತು. ಸಣ್ಣ ಊರುಗಳ ಲಾಂಚಿಗೆ ಕೊಡೋ ನೆರವು ಬಂದ್. ತಂದೋನು ಗೆಳೆಯನೇ. ಸದಸ್ಯ ತನ್ನ ಪಕ್ಷದ ವಿರುದ್ಧವೇ ಓಟು ಹಾಕ್ತೀನಿ ಅಂತ ನಿರ್ಧಾರ ಮಾಡಿದ. ಆ ವಿಷಯದಲ್ಲಿ ಅವನಿಗೆ ಎರಡು ಮನಸ್ಸಿರಲಿಲ್ಲ. ಎರಡೂ ಕಡೆಯೋರು ತಲೆ ಎಣಿಸಿ ನೋಡಿದ್ದರು. ಮಸೂದೆ ಬೀಳೋದಕ್ಕೆ ಒಂದೇ ಒಂದು ಓಟು ಬೇಕು, ಅದು ಇವನದು. ಊರಿನೋರು ಲಾಂಚಿನ ಕಟ್ಟೆ ಮೇಲೆ ರೇಡಿಯೋ ಹಾಕಿಕೊಂಡು ಕೂತಿದ್ದರು.

ಅಲ್ಲಿ ಓಟು ಅಂದರೆ ನಡೆದು ಹೋಗೋದು. ಮಸೂದೆ ಬೇಕು ಅನ್ನೋರು ಬಲಗಡೆಯ ಮೊಗಸಾಲೆ ಅನ್ನೋ ಉದ್ದನೆ ಕೋಣೆಗೆ, ಬೇಡ ಅನ್ನೋರು ಎಡಗಡೆಯದಕ್ಕೆ. ಗಂಟೆ ಬಾರಿಸಿದ ಮೇಲೆ ಎಂಟು ನಿಮಿಷ ಸಮಯ. ಆಮೇಲೆ ಬಾಗಿಲಿಗೆ ಬೀಗ. ಯಾರು ಎಲ್ಲಿದ್ದಾರೋ ಅಲ್ಲೇ ಅವರ ಲೆಕ್ಕ.

ಗಂಟೆ ಬಾರಿಸ್ತು. ಅವನು ಎದ್ದು ಎಡಗಡೆಗೆ ಹೊರಟ. ಹೊರಟೋನು ಒಂದು ಸಲ ತಿರುಗಿ ನೋಡಿದ. ಪ್ರಧಾನಿ ಗೆಳೆಯನ ಹೆಗಲ ಮೇಲೆ ಕೈ ಹಾಕಿ, ಕಿವಿಯಲ್ಲಿ ಏನೋ ಹೇಳ್ತಾ ಬಲಗಡೆಗೆ ಹೋಗ್ತಿದ್ದರು. ಸದ್ಯದಲ್ಲೇ ದೊಡ್ಡ ಖಾತೆಗಳು ಬದಲಾಗ್ತವೆ ಅಂತ ಗುಸುಗುಸು ಇತ್ತು. ಖಜಾನೆಯೇ ಅವನಿಗೆ ಹೋಗುತ್ತೇನೋ! ಇನ್ನೂ ಐದು ನಿಮಿಷ ಇದೆ. ಅದೇನು ಅಂತ ಕೇಳಿಸ್ಕೊಂಡು ವಾಪಸ್ ಬಂದರಾಯ್ತು.

ಬಲಗಡೆಗೆ ನುಗ್ಗಿದ. ಒಳಗೆ ಜನ ಒತ್ತೊತ್ತಾಗಿ ನಿಂತಿದ್ದರು. ಭುಜ ತೂರಿಸಿ, ಕಾಲು ತುಳಿದು, ಬೈಸಿಕೊಂಡು, ಅವರಿಬ್ಬರ ಹಿಂದೆ ಹೋಗಿ ನಿಂತ. ಉಸಿರು ಬಿಗಿಹಿಡಿದ.

“ಎಡಗಡೆಯ ದವಡೆ. ರಾತ್ರಿಯಿಡೀ ನಿದ್ದೆಯಿಲ್ಲ” ಅಂತಿದ್ದರು ಪ್ರಧಾನಿ. “ನಿಮ್ಮ ಹಲ್ಲಿನ ಡಾಕ್ಟ್ರು ಸೋಮವಾರ ಸಿಗ್ತಾರಾ?”

“ಫೋನ್ ಮಾಡಿ ಕೇಳ್ತೀನಿ ಬಿಡಿ” ಅಂದ ಗೆಳೆಯ. ಹಾಗೇ ತಿರುಗಿದೋನು ಇವನನ್ನ ಕಂಡು ಮುಖ ಅರಳಿಸಿದ. “ಅರೆ, ನೀನೂ ನಮ್ಮ ಕಡೆಗೇ ಬಂದ್ಯಾ ಮಾರಾಯ? ಮತ್ತೆ ನಿನ್ನ ಲಾಂಚು?”

ಸದಸ್ಯ ತಿರುಗಿ ಬಾಗಿಲಿಗೆ ಓಡಿದ. ಮೂರು ಹೆಜ್ಜೆ ಇದೆ ಅನ್ನುವಾಗ ಆಚೆಯಿಂದ ಬೀಗ ಬಿದ್ದ ಸದ್ದು ಕೇಳಿಸ್ತು. ಅಂಗೈಯಲ್ಲಿ ತಟ್ಟಿದ. ಮುಷ್ಟಿ ಕಟ್ಟಿ ಗುದ್ದಿದ. “ತೆಗೀರಪ್ಪ, ನಾನು ಆ ಕಡೆಯೋನು!” ಅಂತ ಕೂಗಿದ. ಬೀಗ ಹಾಕಿದೋನು ಆಚೆಯೇ ನಿಂತಿದ್ದ, ಅವನ ಬೂಟಿನ ಸದ್ದೂ ಕೇಳ್ತಿತ್ತು. ಬಾಗಿಲು ಮಾತ್ರ ತೆಗೀಲಿಲ್ಲ.

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದರು.

ಹಿಮಜಾಗೆ ತಡೆಯೋಕಾಗಲಿಲ್ಲ. “ಒಂದೇ ಒಂದು ಸಲ ಬಾಗಿಲು ತೆಗೆದಿದ್ರೆ ಅವರ ಗಂಟೇನು ಹೋಗ್ತಿತ್ತು ಮೇಷ್ಟ್ರೇ?”

“ಹನ್ನೊಂದು ವರ್ಷ ತೆಗೆದೇ ಇತ್ತಲ್ಲಮ್ಮ” ಅಂದರು ಮೇಷ್ಟ್ರು.