ಸೌತೆಬಳ್ಳಿ ಕುಡಿದ ನೀರು

ಹುಲಿಯ ಕಾಟವಿಲ್ಲದ ಒಂದು ಕಾಡಿನಲ್ಲಿ ಮನೆಮನೆಗೂ ನಲ್ಲಿಯಿತ್ತು. ನಗಬೇಡಿ, ನಿಜವಾಗಿಯೂ ಇತ್ತು. ಮಾಳವ್ವ ಎಂಬ ಕರಡಿ ಬೆಳಗಾದರೆ ಏತ ಎಳೆದು, ಬಾವಿಯ ನೀರನ್ನು ದಿಬ್ಬದ ಮೇಲಿನ ಕಲ್ಲುತೊಟ್ಟಿಗೆ ತುಂಬಿಸುತ್ತಿದ್ದಳು. ಅಲ್ಲಿಂದ ನೆಲದಡಿಯ ಬಿದಿರಿನ ಕೊಳವೆಗಳಲ್ಲಿ ನೀರು ಇಳಿದು ಎಲ್ಲರ ಮನೆಗೂ ಹೋಗುತ್ತಿತ್ತು. ಬೇಕಾದಾಗ ನಲ್ಲಿಯ ಬಿರಡೆ ತೆಗೆಯುವುದು, ಸಾಕಾದಾಗ ಹಾಕುವುದು. ಆ ಕೊಳವೆಗಳನ್ನು ಹೂಳಿದವನು ತಿಪ್ಪಣ್ಣ ಎಂಬ ನರಿ.

ಮೊದಲೆಲ್ಲ ನಲವತ್ತು ಕೊಡ ಎತ್ತಿದರೆ ಇಡೀ ಕಾಡಿಗೆ ಸಾಕಾಗುತ್ತಿತ್ತು. ಆ ಬೇಸಿಗೆಯಲ್ಲಿ ಎಪ್ಪತ್ತು ಎತ್ತಿದರೂ ಮಧ್ಯಾಹ್ನಕ್ಕೇ ತೊಟ್ಟಿ ಬರಿದು. ಮಾಳವ್ವನ ರಟ್ಟೆ ಬಿದ್ದುಹೋಯಿತು. ಮರಿಗಳಿಗೆ ಕುಡಿಯಲೂ ನೀರಿಲ್ಲ ಎಂದು ಮೊಲಗಳು ಗೊಣಗಿದವು.

“ಅವಳು ಮೈಗಳ್ಳಿ, ಯಜಮಾನರೇ,” ಎಂದು ತಿಪ್ಪಣ್ಣ ಆನೆಯ ಕಿವಿಯಲ್ಲಿ ಊದಿದ. ಆನೆ ಆ ಕಾಡಿನ ಯಜಮಾನ. ತಿಪ್ಪಣ್ಣ ದಿನವೂ ಅವನಿಗೆ ಎಳೆ ಸೌತೆಕಾಯಿ ತಂದುಕೊಡುತ್ತಿದ್ದ. ಆನೆಗೆ ಸೌತೆಕಾಯಿ ಎಂದರೆ ಪ್ರಾಣ.

ಆನೆ ಮಾಳವ್ವನನ್ನು ಕರೆಸಿದ. “ನಾಳೆಯೂ ತೊಟ್ಟಿ ಬರಿದಾದರೆ ಏತ ಬಿಟ್ಟುಬಿಡು, ತಾಯಿ. ಬಾವಿ ಪಕ್ಕದ ಗುಹೆಯನ್ನೂ ಬಿಡಬೇಕಾಗುತ್ತೆ.”

ಆ ಗುಹೆಯಲ್ಲೇ ಮಾಳವ್ವ ಹುಟ್ಟಿದ್ದು. ಅವಳಿಗೆ ಅಳು ಬಂತು, ಸಿಟ್ಟೂ ಬಂತು. “ಒಂದು ಪರೀಕ್ಷೆ ಮಾಡೋಣ, ಯಜಮಾನರೇ. ನಾಳೆ ತೊಟ್ಟಿ ತುಂಬಿಸಿ, ನೀರಿನ ಮಟ್ಟಕ್ಕೆ ಇದ್ದಿಲಲ್ಲಿ ಗೆರೆ ಎಳೀತೀನಿ. ಮಧ್ಯಾಹ್ನದವರೆಗೆ ಯಾರೂ ಬಿರಡೆ ತೆಗೆಯೋದು ಬೇಡ. ಆಗಲೂ ನೀರು ಇಳಿದರೆ, ಎಲ್ಲೋ ಸೋರ್ತಿದೆ ಅಂತ ಅರ್ಥ.”

ಪಕ್ಕದಲ್ಲೇ ನಿಂತಿದ್ದ ತಿಪ್ಪಣ್ಣ ನಕ್ಕ. “ನಾನು ಹೂಳಿದ ಕೊಳವೆ ಸೋರೋದುಂಟೇನಕ್ಕ? ಒಂದು ಹನಿ ಸೋರಿದರೂ ಆಮೇಲೆ ಏತ ನಾನೇ ಎಳೀತೀನಿ.”

ಅಷ್ಟು ಧೈರ್ಯ ಅವನಿಗೆ ಸುಮ್ಮನೆ ಬಂದದ್ದಲ್ಲ. ಕೊಳವೆಯನ್ನು ಅವನು ತನ್ನ ಸೌತೆತೋಟದ ಅಡಿಯಲ್ಲೇ ಹಾಯಿಸಿದ್ದ. ಆ ಬೇಸಿಗೆಯಲ್ಲಿ ಅಲ್ಲೊಂದು ಸಂದನ್ನು ಬೇಕೆಂದೇ ಸಡಿಲಿಸಿದ್ದ. ಮಾಳವ್ವ ಎತ್ತಿದ ನೀರನ್ನು ಅವನ ಬಳ್ಳಿಗಳು ಹೊಟ್ಟೆ ತುಂಬ ಕುಡಿಯುತ್ತಿದ್ದವು. ಮರುದಿನ ನಸುಕಿನಲ್ಲೇ ಆ ಸಂದಿಗೆ ಒಂದು ಹಿಡಿ ಜೇಡಿಮಣ್ಣು ಮೆತ್ತಿ, ಏನೂ ಅರಿಯದವನಂತೆ ದಿಬ್ಬಕ್ಕೆ ಬಂದ.

ಎಲ್ಲರೂ ಬಿರಡೆ ಹಾಕಿ ಬಂದು ತೊಟ್ಟಿಯ ಸುತ್ತ ಕೂತರು. ಬಿಸಿಲೇರಿತು. ನೀರು ಗೆರೆ ಬಿಟ್ಟು ಕದಲಲಿಲ್ಲ. ಒಬ್ಬೊಬ್ಬರಾಗಿ ಮಾಳವ್ವನನ್ನು ಓರೆಗಣ್ಣಿನಿಂದ ನೋಡತೊಡಗಿದರು. ತಾನೇ ತಪ್ಪು ತಿಳಿದೆನೇನೋ ಎಂದು ಅವಳಿಗೂ ಅನುಮಾನವಾಯಿತು.

ಆದರೆ ಎಲ್ಲ ಬಿರಡೆಗಳನ್ನೂ ಹಾಕಿದ್ದರಿಂದ ನೀರಿಗೆ ಬೇರೆ ದಾರಿಯೇ ಇರಲಿಲ್ಲ. ತುಂಬಿದ ತೊಟ್ಟಿಯ ಒತ್ತಡವೆಲ್ಲ ಆ ಹಸಿ ಮಣ್ಣಿನ ಮೇಲೇ ಬಿತ್ತು. ಢಬ್ ಎಂದು ಸದ್ದಾಯಿತು. ತಿಪ್ಪಣ್ಣನ ತೋಟದ ಬೇಲಿಯಾಚೆ, ಸೌತೆಬಳ್ಳಿಗಳ ನಡುವಿನಿಂದ ನೀರು ಕಾರಂಜಿಯಾಗಿ ಎದ್ದಿತು. ಕೋತಿಗಳು ಓಡಿಹೋಗಿ ಅದರಡಿ ಮೈ ತೋಯಿಸಿಕೊಂಡು ಕುಣಿದವು.

“ಅದು... ಮಳೆ ಇರಬೇಕು,” ಎಂದ ತಿಪ್ಪಣ್ಣ.

“ನೆಲದಿಂದ ಮೇಲಕ್ಕೆ ಹೋಗೋ ಮಳೆಯಾ?” ಎಂದಳು ಮಾಳವ್ವ.

ಎಲ್ಲರೂ ಬಿದ್ದು ಬಿದ್ದು ನಕ್ಕರು, ಆನೆಯೊಬ್ಬನನ್ನು ಬಿಟ್ಟು. ಸೊಂಡಿಲಲ್ಲಿದ್ದ ಸೌತೆಕಾಯಿಯನ್ನು ಅವನು ಮೆಲ್ಲನೆ ಕೆಳಗಿಟ್ಟ. “ನಿನ್ನ ಬೆವರಲ್ಲಿ ಬೆಳೆದದ್ದನ್ನೇ ತಿಂದು ನಿನ್ನನ್ನೇ ಬೈದೆನಲ್ಲ. ತಪ್ಪಾಯಿತು, ತಾಯಿ,” ಎಂದ.

ಸಂದಿಗೆ ನಾರು ಸುತ್ತಿ, ಅರಗು ಮೆತ್ತಿ ಭದ್ರ ಮಾಡಿದರು. ಏತ ತಿಪ್ಪಣ್ಣನ ಪಾಲಿಗೆ ಬಂತು. ಮಾಳವ್ವ ತನ್ನ ಗುಹೆಯ ಬಾಗಿಲಲ್ಲಿ ಕಾಲು ಚಾಚಿ ಕೂತು ಕೊಡ ಎಣಿಸಿದಳು. ಮತ್ತೆ ನಲವತ್ತೇ ಸಾಕಾಯಿತು. ಆದರೂ ಮೂರನೆಯ ದಿನ ಬೆಳಿಗ್ಗೆ ತಿಪ್ಪಣ್ಣ ಅಂಗೈಯ ಬೊಬ್ಬೆಗಳನ್ನು ಊದಿಕೊಳ್ಳುತ್ತ ಮನೆಮನೆಯ ಬಾಗಿಲು ತಟ್ಟಿದ.

“ಮೊಲಣ್ಣ, ನಿಮ್ಮ ನಲ್ಲಿ ತೊಟ್ಟಿಕ್ತಿದೆ. ದಮ್ಮಯ್ಯ, ಬಿರಡೆ ಬಿಗಿಯಾಗಿ ಹಾಕಿ.”

ನೀತಿ: ಸೋರಿಹೋಗುವ ಪ್ರತಿ ಹನಿಯನ್ನೂ ಯಾರೋ ಕಷ್ಟಪಟ್ಟು ಮೇಲಕ್ಕೆ ಎತ್ತಿರುತ್ತಾರೆ, ಸೋರಿಕೆ ನಿಲ್ಲಿಸಿದರೆ ನೀರೂ ಉಳಿಯುತ್ತದೆ, ಆ ಶ್ರಮವೂ ಉಳಿಯುತ್ತದೆ.