ಬಂಡೆಯ ಅಡಿಯ ಚಕ್ಕೆ

ಬೆಟ್ಟದ ಇಳಿಜಾರಿನಲ್ಲಿ ಒಂದು ದೊಡ್ಡ ಬಂಡೆ ವಾಲಿಕೊಂಡು ನಿಂತಿತ್ತು. ಎಂದೋ ಅದರ ಮೈಯಿಂದಲೇ ಸಿಡಿದಿದ್ದ ಅಂಗೈಯಗಲದ ಚಕ್ಕೆಯೊಂದು ಅದರ ಅಡಿಯಲ್ಲಿ ಸಿಕ್ಕಿಕೊಂಡಿತ್ತು. ಕುರಿ ಕಾಯುವ ಮಾಳಿಂಗ ಬಂಡೆಯ ನೆರಳಿಗೆ ಬಂದಾಗಲೆಲ್ಲ ಮೊದಲು ಬಗ್ಗಿ ಚಕ್ಕೆಯನ್ನು ಮುಟ್ಟಿ, ಅದು ಅಲುಗುತ್ತಿಲ್ಲವೆಂದು ನೋಡಿ, "ಗಟ್ಟಿಯಾಗಿರಪ್ಪಾ" ಎಂದು ಹೇಳಿಯೇ ಕೂರುತ್ತಿದ್ದ.

ಬಂಡೆಗೆ ಇದನ್ನು ಸಹಿಸಲಾಗಲಿಲ್ಲ. "ನೆರಳು ನನ್ನದು, ನಮಸ್ಕಾರ ನಿನಗೆ! ನನ್ನಿಂದ ಉದುರಿದ ಚೂರು ನೀನು. ತೊಲಗು ಇಲ್ಲಿಂದ."

"ಅದು ನಮಸ್ಕಾರವಲ್ಲ ಅಣ್ಣಾ, ನೀನು ಉರುಳೀಯೆಂಬ ಭಯ," ಎಂದಿತು ಚಕ್ಕೆ. "ನಿನ್ನ ಭಾರ ನನ್ನ ಮೇಲಿರುವವರೆಗೆ ನಾನು ಜಾರುವುದಿಲ್ಲ. ನಾನು ಇಲ್ಲಿರುವವರೆಗೆ ನೀನು ಉರುಳುವುದಿಲ್ಲ."

"ಹಾಗಾದರೆ ನನ್ನ ಭಾರವೇ ನಿನಗೆ ಬೇಡ," ಎಂದು ಬಂಡೆ ಕೂದಲೆಳೆಯಷ್ಟು ಪಕ್ಕಕ್ಕೆ ಹೊರಳಿಕೊಂಡಿತು.

ಆ ವರ್ಷದ ಮೊದಲ ಮಳೆ ಅಡಿಯ ಮಣ್ಣನ್ನು ತೊಳೆದು ಚಕ್ಕೆಯನ್ನು ಕೆಳಗಿನ ಹಳ್ಳಕ್ಕೆ ಕೊಂಡೊಯ್ದಿತು. ಬಂಡೆ ಮೂರು ದಿನ ಒಂಟಿಯಾಗಿ ನಿಂತು ಬೀಗಿತು. ನಾಲ್ಕನೆಯ ದಿನ ಮತ್ತೆ ಮಳೆ ಬಂತು. ಬಂಡೆ ಉರುಳಿ, ಅದೇ ಹಳ್ಳದಲ್ಲಿ ಬಿದ್ದು, ಮೂರು ಹೋಳಾಯಿತು. ಹರಿಯುವ ನೀರು ಆಗಲೇ ಹೋಳುಗಳ ಅಂಚನ್ನು ಸವೆಸತೊಡಗಿತು.

ಮಗ್ಗುಲಲ್ಲೇ ಚಕ್ಕೆ ಬಿದ್ದಿತ್ತು. ಅದನ್ನು ಕಂಡು ದೊಡ್ಡ ಹೋಳು, "ತಮ್ಮಾ, ನನ್ನದು ತಪ್ಪಾಯಿತು. ಬಾ, ಮತ್ತೆ ನನ್ನ ಅಡಿಗೆ ಸೇರಿಕೋ," ಎಂದು ಬೇಡಿತು.

ಚಕ್ಕೆ ಹೇಳಿತು:

"ಬರುತ್ತಿದ್ದೆ ಅಣ್ಣಾ. ಆದರೆ ಇಲ್ಲಿಂದ ಬೀಳುವುದಕ್ಕೆ ಎತ್ತರವೇ ಇಲ್ಲವಲ್ಲ, ನಾನು ಏನನ್ನು ತಡೆಯಲಿ?"