ಕೆಂಚಿ ನೆಲ ಕೆರೆದದ್ದು

ಲೋಕ ಆಗಷ್ಟೇ ಆಗಿತ್ತು, ಅದರ ಹಸಿ ಇನ್ನೂ ಆರಿರಲಿಲ್ಲ. ಯಾವ ಕಡೆ ಹರಿಯಬೇಕೆಂದು ಹೊಳೆಗೇ ಗೊತ್ತಿರಲಿಲ್ಲ. ಬೆಳಿಗ್ಗೆ ಮೂಡಲಿಗೆ ಹೊರಟರೆ ಮಧ್ಯಾಹ್ನ ಮನಸ್ಸು ಬದಲಿಸಿ ತೆಂಕಲಿಗೆ ತಿರುಗುತ್ತಿತ್ತು. ಗಾಳಿಗಂತೂ ಕೆಲಸವೇ ಇಲ್ಲ. ಒಬ್ಬರ ಮನೆಯ ಮಾತನ್ನು ಇನ್ನೊಬ್ಬರ ಮನೆಗೆ ಮುಟ್ಟಿಸಿಕೊಂಡು ಅಲೆಯುತ್ತಿತ್ತು.

ಆ ಕಾಲದಲ್ಲಿ ನಾಯಿಮರಿಗಳು ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತಿದ್ದವು. ಕಾಲಲ್ಲಿ ಕಸುವೂ ಇರುತ್ತಿತ್ತು. ಇಲ್ಲದೆ ಇದ್ದದ್ದು ಬುದ್ಧಿ ಮಾತ್ರ. ಎದುರಿಗೆ ಏನು ಕಂಡರೂ ಅದರ ಹಿಂದೆ ಓಟ ಕೀಳುತ್ತಿದ್ದವು.

ಕುರುಬರ ಹಟ್ಟಿಯೊಂದರಲ್ಲಿ ಕೆಂಚಿ ಎಂಬ ನಾಯಿ ಇತ್ತು. ಹಿಂದಿನ ಸಲ ಅದು ಮರಿ ಹಾಕಿದಾಗ ಒಂದು ಮರಿ ಹೊಳೆಯ ಹೊಳಪು ಕಂಡು ಓಡಿತು. ಮತ್ತೊಂದು, ಹದ್ದಿನ ನೆರಳಿನ ಹಿಂದೆ ಓಡಿತು. ಇನ್ನೊಂದು, ಪಾಪ, ಒಲೆಯ ಬೆಂಕಿಯ ಕಡೆಗೇ ಓಡಿತು. ಒಂದೂ ಉಳಿಯಲಿಲ್ಲ. ಕೆಂಚಿ ಹಾಲು ತುಂಬಿದ ಮೊಲೆ ಹೊತ್ತುಕೊಂಡು ಹಟ್ಟಿಯನ್ನೆಲ್ಲ ಮೂಸಿ ಮೂಸಿ ಹುಡುಕಿತು.

ಅದನ್ನು ನೋಡಿದವಳು ಸೂಲಗಿತ್ತಿ ಮಾಳವ್ವ. ಕೆಂಚಿ ಮತ್ತೆ ಬಸಿರಾದಾಗ ಅವಳು ಸೊಂಟಕ್ಕೆ ಸೆರಗು ಕಟ್ಟಿದಳು.

"ಈ ಸಲ ಬಾಣಂತನ ನನ್ನದು. ಮರಿ ಹೆಂಗ ಉಳಿಯಂಗಿಲ್ಲ, ನಾನೂ ನೋಡೇಬಿಡತೀನಿ!" ಎಂದಳು.

ಹಟ್ಟಿಯ ಮಕ್ಕಳೆಲ್ಲ ಅವಳ ಕೈಯಲ್ಲೇ ಹುಟ್ಟಿದವರು. ನಾಯಿಯ ಹೆರಿಗೆ ಮಾತ್ರ ಅವಳು ಮಾಡಿಸಿದ್ದಿಲ್ಲ. ಹಾಗಂತ ಒಪ್ಪಿಕೊಳ್ಳುವ ಹೆಂಗಸೂ ಅವಳಲ್ಲ.

ದಿನಾ ಕೆಂಚಿಯನ್ನು ಕೂರಿಸಿಕೊಂಡು ಹೊಟ್ಟೆಯ ಮೇಲೆ ಅಂಗೈ ಇಟ್ಟು ನೋಡುವಳು. "ಒಳಗ ಗದ್ದಲ ಜೋರೈತಿ" ಎನ್ನುವಳು. ಹೊಟ್ಟೆಯ ಕೂದಲು ಉದುರಿತು, ಮೊಲೆ ಕೆಂಪಾಯಿತು. ಮಾಳವ್ವ ಎಲ್ಲದಕ್ಕೂ ತಲೆಯಾಡಿಸಿದಳು.

ಬಸುರಿಗೆ ಕುಬುಸದ ಶಾಸ್ತ್ರ ಮಾಡದೆ ಬಿಡುವುದುಂಟೆ? ಕೆಂಚಿಯನ್ನು ಕಂಬಳಿಯ ಮೇಲೆ ಕೂರಿಸಿ, ಕೊರಳಿಗೆ ಹಸಿರು ಬಟ್ಟೆ ಕಟ್ಟಿ, ಹೆಂಗಸರು ಸೋಬಾನೆ ಹಾಡಿದರು. ಹೋಳಿಗೆ ತುಪ್ಪ ತಿನ್ನಿಸಿದರು. ಕೆಂಚಿ ಎಲ್ಲವನ್ನೂ ತಿಂದಿತು. ಆಮೇಲೆ ಗೋಡೆಯ ಹಿಂದೆ ಹೋಗಿ ಎಲ್ಲವನ್ನೂ ಕಕ್ಕಿತು. ಹಾಡಿದವರಿಗೆ ತುಸು ಬೇಜಾರಾಯಿತು.

ಮಾಳವ್ವ ಬಾಣಂತಿ ಕೋಣೆಯನ್ನೂ ಅಣಿ ಮಾಡಿದಳು. ಸಾರಿಸಿದ ನೆಲದ ಮೇಲೆ ಮೆತ್ತನೆಯ ಕಂಬಳಿ ಹಾಸಿದಳು, ಬೇವಿನ ಹೊಗೆ ಹಾಕಿದಳು, ಮೂಲೆಯಲ್ಲಿ ದೀಪ ಹಚ್ಚಿದಳು. ಹೆರಿಗೆಯ ಕೋಣೆಯಲ್ಲಿ ಹಗಲೂ ದೀಪ ಆರಬಾರದು. ಅದು ಅವರ ಪದ್ಧತಿ.

ಒಂದು ಮಧ್ಯಾಹ್ನ ಕೆಂಚಿ ಅಂಬಲಿ ಮುಟ್ಟಲಿಲ್ಲ. ಮಾಳವ್ವ ಕಿವಿ ಮುಟ್ಟಿ ನೋಡಿದಳು, ತಣ್ಣಗಿತ್ತು. ಕೆಂಚಿ ನಾಲಗೆ ಚಾಚಿ ತೇಕುತ್ತಿತ್ತು, ನಡುನಡುವೆ ಮೈ ನಡುಗುತ್ತಿತ್ತು. "ಬಂತು ಹೊತ್ತು" ಎಂದು ಮಾಳವ್ವ ಅದನ್ನು ಕೋಣೆಗೆ ಕರೆದೊಯ್ದಳು.

ಕೆಂಚಿ ಕಂಬಳಿಯ ಮೇಲೆ ನಿಲ್ಲಲೇ ಇಲ್ಲ. ಬಣವೆಯ ಸಂದಿಗೆ ಹೋಗಿ ನೆಲ ಕೆರೆಯತೊಡಗಿತು. ಮಾಳವ್ವ ಎತ್ತಿ ತಂದಳು. ಮತ್ತೆ ಹೋಯಿತು. ಮತ್ತೆ ತಂದಳು. ಈಗ ಸಾರಿಸಿದ ನೆಲವನ್ನೇ ಕೆರೆಯಿತು.

"ಅಯ್ಯ ನಿನ್ನ! ಏನಾಗೇತಿ ನಿನಗ? ಏನು ಬೇಕು, ಬಾಯಿ ಬಿಟ್ಟು ಹೇಳು!"

"ಕತ್ತಲಿ ಬೇಕು ಯವ್ವಾ," ಎಂದಿತು ಕೆಂಚಿ.

"ಬಾಣಂತಿ ದೀಪ ಆರಿಸಬಾರದವ್ವ. ಕೆಟ್ಟದ್ದಾಗತೈತಿ."

"ನಿಮ್ಮ ಕೂಸು ದೀಪ ನೋಡಿದ್ರ ಮಲಗಿದಲ್ಲೇ ನಗತೈತಿ. ನನ್ನವು ಎದ್ದು ದೀಪಕ್ಕ ಓಡತಾವ. ಹೋದ ಸಲ ಒಂದೂ ನನ್ನ ಕಡೆ ಹೊಳ್ಳಿ ನೋಡಲಿಲ್ಲ ಯವ್ವಾ. ಒಂದೂ ನೋಡಲಿಲ್ಲ."

ಮಾಳವ್ವ ದೀಪದ ಕಡೆ ನೋಡಿದಳು. ದೀಪ ಆರಿಸಿ ಮರಿಗಳು ಸತ್ತರೆ ಹಟ್ಟಿಯವರು ಏನಂದಾರು? ಆಮೇಲೆ ಯಾವ ಬಸುರಿ ತನ್ನನ್ನು ಕರೆದಾಳು? ಕೆಂಚಿ ಹೊಟ್ಟೆ ಬಿಗಿಹಿಡಿದು ನರಳಿತು. ಮಾಳವ್ವ ದೀಪದ ಹತ್ತಿರ ಹೋದಳು, ಕಣ್ಣು ಮುಚ್ಚಿ, ಉಫ್ ಎಂದು ಊದಿದಳು.

ಕೋಣೆ ಕತ್ತಲಾಯಿತು. ಕೆಂಚಿ ಪರಪರ ನೆಲ ಕೆರೆಯಿತು.

"ಯಾರದು, ನನ್ನ ಬೆನ್ನು ಕೆರಿಯೋರು?" ಕೆಳಗಿಂದ ಭೂಮಿತಾಯಿ ಕೇಳಿದಳು.

"ನಾನು ಕೆಂಚಿ. ನನ್ನ ಮಕ್ಕಳು ಉಳೀಬೇಕು ತಾಯಿ."

"ಬೀಜ ನನ್ನ ಹೊಟ್ಯಾಗ ಕಣ್ಣು ಮುಚ್ಚಿಕೊಂಡು ಇರತಾವ. ಬೇರು ಬಿಟ್ಟ ಮ್ಯಾಲ ಕಣ್ಣು ಬಿಡತಾವ. ನಿನ್ನ ಮಕ್ಕಳಿಗೂ ಹಂಗ ಮಾಡಲೇನು? ಕಾಲಿನ ಕಸುವೂ ಆಮ್ಯಾಲ ಕೊಡತೀನಿ."

ಕೆಂಚಿ ಕೆರೆಯುವುದನ್ನು ನಿಲ್ಲಿಸಿತು. "ಹಂಗಾದ್ರ ಅವು ನನ್ನ ಮುಖ ನೋಡೂದಿಲ್ಲೇನು?"

"ಮೊದಲು ನಿನ್ನ ವಾಸನಿ ಕಲೀಲಿ. ಮುಖ ಎಲ್ಲಿ ಹೋಗತೈತಿ?"

"ಆಗಲಿ ತಾಯಿ."

"ಒಂದು ಮಾತು. ನನಗ ಕಿವಿ ಮಂದ, ಮರೆವೂ ಜಾಸ್ತಿ. ಪ್ರತಿ ಸಲ ಹಿಂಗ ಕೆರೆದು ಎಬ್ಬಿಸಬೇಕು."

ಮರಿಗಳು ಒಂದಾದ ಮೇಲೊಂದು ಬಂದವು. ಮಾಳವ್ವ ಕತ್ತಲಲ್ಲೇ ಸವರಿ ನೋಡಿದಳು. ಕಣ್ಣಿನ ರೆಪ್ಪೆ ಅಂಟಿಕೊಂಡಿದ್ದವು, ಕಾಲು ಮೆತ್ತಗಿದ್ದವು.

ಅಷ್ಟರಲ್ಲಿ ಗಾಳಿಗೆ ಸುದ್ದಿ ಮುಟ್ಟಿತ್ತು. ಬಾಗಿಲು ತಳ್ಳಿಕೊಂಡು ಬಂದು, "ಬರ್ರಿ, ಬರ್ರಿ! ಹೊಳಿ ಹೆಂಗ ಹೊಳೀತೈತಿ ನೋಡ ಬರ್ರಿ!" ಎಂದು ಕರೆಯಿತು. ಬಿಸಿಲು ಒಳಗೆ ಬಿತ್ತು.

ಒಂದು ಮರಿ ಬಾಗಿಲ ಕಡೆ ತೆವಳಿತು. ಮಾಳವ್ವ ತಡೆಯಲು ಕೈ ಚಾಚಿದಳು. ಮರಿ ಹೊಸ್ತಿಲ ಹತ್ತಿರ ನಿಂತು, ಕುಂಯ್ ಎಂದು, ಮೂಗೆತ್ತಿ ಗಾಳಿಯನ್ನು ಮೂಸಿತು. ಆಮೇಲೆ ಗಾಳಿಗೂ ಬಿಸಿಲಿಗೂ ಬೆನ್ನು ತಿರುಗಿಸಿ, ಬಂದ ದಾರಿಯಲ್ಲೇ ತೆವಳುತ್ತ ಹೋಗಿ ಕೆಂಚಿಯ ಹೊಟ್ಟೆಗೆ ಬಾಯಿ ಹಾಕಿತು.

"ಬಂತಲ್ಲೇ ಕೆಂಚಿ! ಹೊಳ್ಳಿ ಬಂತಲ್ಲೇ!" ಎಂದು ಮಾಳವ್ವ ಗಳಗಳ ಅತ್ತುಬಿಟ್ಟಳು. ಕೆಂಚಿ ಮರಿಯನ್ನು ನೆಕ್ಕುವುದರಲ್ಲಿತ್ತು, ಅದಕ್ಕೆ ಏನೂ ಕೇಳಿಸಲಿಲ್ಲ.

ಅದಕ್ಕೇ ಇವತ್ತಿಗೂ ದಿನ ತುಂಬಿದ ನಾಯಿ ನೀವು ಹಾಸಿಕೊಟ್ಟ ಗೋಣಿಚೀಲ ಬಿಟ್ಟು ಸಿಮೆಂಟ್ ನೆಲವನ್ನಾದರೂ ಪರಪರ ಕೆರೆಯುತ್ತದೆ. ಅದರ ಮರಿಯನ್ನು ಎಲ್ಲಿ ಎತ್ತಿಟ್ಟರೂ, ಲೋಕದಲ್ಲಿ ಇನ್ನೂ ಏನನ್ನೂ ನೋಡದ ಆ ಮರಿ ಮೂಸುತ್ತ ತೆವಳುತ್ತ ಅಮ್ಮನ ಹತ್ತಿರವೇ ಬರುತ್ತದೆ.